ಬೌಲಿಂಗ್ ಅಂದ್ರೆ ಸ್ಪಿನ್ನಾ, ಪೇಸಾ?

ಕಳೆದ ಸೆಮಿಸ್ಟರ್‌ನ ಇಂಟರ್ನಲ್ಸ್ ಮುಗಿದ ದಿನ ಮಳವಳ್ಳಿಗೆ ಫೋನ್ ಮಾಡಿ, "ಅಪ್ಪ, ನಾಳೆ ಫ್ರೆಂಡ್ಸ್ ಜೊತೆ ಬೆಂಗ್ಳೂರಿಗೆ ಹೋಗ್ತಿದೀನಿ, ಬೌಲಿಂಗ್ ಆಡಕ್ಕೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಲ್ಲ ಕಣವ್ವ, ಬೌಲಿಂಗ್ ಹಾಕಕ್ಕೆ ಬೆಂಗ್ಳೂರ್ಗಂಟ ಯಾಕೆ ಹೋಗ್ಬೇಕು? ನೀನ್ಯಾವಾಗ ಕ್ರಿಕೆಟ್ ಟೀಮ್ ಸೇರ್ಕಂಡೆ?" ಅಂದ್ರು. ಅಪ್ಪನ ತಪ್ಪಲ್ಲ. ಅವತ್ತೇ ಮಧ್ಯಾಹ್ನ ಲ್ಯಾಬ್‌ನಲ್ಲಿ ಹೇಳಿದಾಗ ನಮ್ಮ ಬ್ಯಾಚ್‌ನ ಹುಡುಗನೊಬ್ಬ ತುಂಬಾ ಸೀರಿಯಸ್ಸಾಗಿ, "ಸ್ಪಿನ್ನಾ, ಪೇಸಾ?" ಅಂತ ಕೇಳಿದ್ದ.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬೌಲಿಂಗ್ ಅಂದ್ರೆ ಟೆನಿಸ್ ಬಾಲು, ಮೂರು ಕಡ್ಡಿ, ಭಾನುವಾರದ ಟೂರ್ನಮೆಂಟು. ಇನ್ನೊಂದು ಬೌಲಿಂಗ್ ಇದೆ. ನುಣುಪಾದ ಉದ್ದ ಹಲಗೆಯ ಮೇಲೆ ಭಾರದ ಚೆಂಡು ಉರುಳಿಸಿ, ಆ ತುದಿಯಲ್ಲಿ ತ್ರಿಕೋನದ ಹಾಗೆ ನಿಲ್ಲಿಸಿರೋ ಹತ್ತು ಪಿನ್ ಬೀಳಿಸೋದು. ರೀಲ್ಸ್‌ನಲ್ಲಿ ನೋಡಿರ್ತೀರ. ಈ ಆಟ ನಮ್ಮ ಕಡೆ ಬರುತ್ತಾ, ಬಂದ್ರೆ ನಿಲ್ಲುತ್ತಾ ಅನ್ನೋ ಪ್ರಶ್ನೆ ಆ ಟ್ರಿಪ್ ಮುಗಿಸಿ ಬಂದಾಗಿಂದ ನನ್ನ ತಲೇಲಿ ಕೂತಿದೆ. ಬರುತ್ತೆ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ನಿಲ್ಲೋದರ ಬಗ್ಗೆ ಮಾತ್ರ ಅನುಮಾನ. ನಿಂತ್ರೆ ಯಾರಿಂದ ನಿಲ್ಲುತ್ತೆ ಅನ್ನೋದರ ಬಗ್ಗೆ ನನ್ನದೊಂದು ಲೆಕ್ಕ ಇದೆ, ಅದನ್ನೇ ಹೇಳಕ್ಕೆ ಇದನ್ನ ಬರೀತಿದೀನಿ.

ಮೊದಲು ಟ್ರಿಪ್ಪಿನ ಕಥೆ. ಐದು ಜನ ಹುಡುಗೀರು, ಬೆಳಗ್ಗೆ ಮಂಡ್ಯದಲ್ಲಿ ಟ್ರೈನ್ ಹತ್ತಿದ್ವಿ. ಮದ್ದೂರಿನವಳು ಮದ್ದೂರಲ್ಲಿ ಹತ್ತಿಕೊಂಡಳು, ಕೈಯಲ್ಲಿ ಪೇಪರ್‌ನಲ್ಲಿ ಸುತ್ತಿದ ವಡೆ. ಮೈಸೂರು ಹತ್ರ ಅಲ್ವಾ, ಅಲ್ಲಿಗೆ ಯಾಕೆ ಹೋಗ್ಲಿಲ್ಲ ಅಂತ ಕೇಳ್ಬೇಡಿ. ಒಬ್ಬಳ ಅಕ್ಕನ ಮನೆ ಬೆಂಗಳೂರಲ್ಲಿದೆ, ಎಲ್ಲರ ಮನೇಲೂ "ಅಕ್ಕನ ಮನೆಗೆ" ಅಂತಾನೇ ಹೇಳಿದ್ದು. ನಿಜ ಹೇಳಿದವಳು ನಾನೊಬ್ಬಳೇ, ಅದಕ್ಕೇ ಕ್ರಿಕೆಟ್ ಟೀಮಿನ ಪ್ರಶ್ನೆ ಬಂದಿದ್ದು.

ಮೆಜೆಸ್ಟಿಕ್‌ನಲ್ಲಿ ಇಳಿದು, ಮೆಟ್ರೋ ಹತ್ತಿ, ಒಂದು ಮಾಲ್‌ಗೆ ಹೋಗಿ, ಲೇನ್ ಖಾಲಿ ಆಗೋವರೆಗೂ ಕಾದು, ಬಾಡಿಗೆ ಶೂ ಹಾಕ್ಕೊಂಡ್ವಿ. ಚಪ್ಪಲಿಯಲ್ಲಿ ಬಂದಿದ್ದವಳಿಗೆ ಅಲ್ಲೇ ಸಾಕ್ಸ್ ಕೊಳ್ಳಬೇಕಾಯ್ತು. ತಲೆಗೆ ಒಂದೇ ಗೇಮ್, ಮುನ್ನೂರೈವತ್ತು ರೂಪಾಯಿ. ನನ್ನ ಮೊದಲ ಚೆಂಡು ನೇರ ಪಕ್ಕದ ಗಟರ್‌ಗೆ. ಎರಡನೇದೂ ಅಲ್ಲಿಗೇ. ಕೊನೆಗೆ ನನ್ನ ಸ್ಕೋರು 47. ಟ್ರೈನು, ಮೆಟ್ರೋ, ಊಟ ಎಲ್ಲ ಸೇರಿ ಒಬ್ಬೊಬ್ಬರಿಗೆ ಒಂಬೈನೂರರ ಹತ್ತಿರ ಆಯ್ತು. ಹೋಗಿ ಬರೋಕೆ ಹನ್ನೊಂದು ಗಂಟೆ, ಆಡಿದ್ದು ನಲವತ್ತು ನಿಮಿಷ. ಅದರಲ್ಲೂ ಅರ್ಧ ಹೊತ್ತು ಫೋಟೋ.

ಆದ್ರೂ ಅವತ್ತು ನಾವು ನಕ್ಕಷ್ಟು ಈ ಮೂರು ವರ್ಷದಲ್ಲಿ ಯಾವತ್ತೂ ನಕ್ಕಿಲ್ಲ.

ಆ ಗಟರ್ ಬಾಲ್ ಯಾಕೆ ಹೋಯ್ತು ಅಂತ ವಾಪಸ್ ಬರ್ತಾ ಟ್ರೈನಲ್ಲಿ ಲೆಕ್ಕ ಹಾಕಿದ್ವಿ (ಇಂಜಿನಿಯರಿಂಗ್ ರೋಗ, ಏನ್ ಮಾಡೋದು). ನಾವು ಚೆಂಡು ಬಿಡೋ ಗೆರೆಯಿಂದ ಮೊದಲನೇ ಪಿನ್‌ಗೆ 60 ಅಡಿ ದೂರ. ಲೇನಿನ ಅಗಲ ಬರೀ ನಲವತ್ತೊಂದೂವರೆ ಇಂಚು. ಒಂದು ಡಿಗ್ರಿ ತಪ್ಪಿದ್ರೆ ಆ ತುದಿಯಲ್ಲಿ ಚೆಂಡು ಹನ್ನೆರಡೂವರೆ ಇಂಚು ಆಚೆ ಹೋಗುತ್ತೆ. ಪಿನ್ನಿಂದ ಪಿನ್ನಿಗೆ ಇರೋ ಅಂತರ 12 ಇಂಚು. ಅಂದ್ರೆ ಮಣಿಕಟ್ಟು ಒಂದೇ ಒಂದು ಡಿಗ್ರಿ ತಿರುಗಿದ್ರೂ ನೀವು ಬೇರೆ ಪಿನ್‌ಗೆ ಗುರಿ ಇಟ್ಟ ಹಾಗೆ. ಎರಡು ಡಿಗ್ರಿ ತಪ್ಪಿದ್ರೆ ಗಟರ್.

ಇನ್ನೂ ಮಜಾ ಇರೋದು ಎಣ್ಣೆಯಲ್ಲಿ. ಲೇನಿನ ಮೂರನೇ ಎರಡು ಭಾಗದವರೆಗೆ ತೆಳುವಾಗಿ ಎಣ್ಣೆ ಹಚ್ಚಿರ್ತಾರೆ, ಕೊನೆಯ ಇಪ್ಪತ್ತು ಅಡಿ ಒಣಗಿರುತ್ತೆ. ಗೊತ್ತಿರೋರು ಚೆಂಡಿಗೆ ಪಕ್ಕದಿಂದ ತಿರುವು ಕೊಟ್ಟು ಬಿಡ್ತಾರೆ. ಎಣ್ಣೆ ಮೇಲೆ ಘರ್ಷಣೆ ಕಮ್ಮಿ, ಆದ್ರಿಂದ ಚೆಂಡು ತಿರುಗ್ತಾ ನೇರ ಜಾರುತ್ತೆ. ಒಣ ಜಾಗ ಸಿಕ್ಕ ತಕ್ಷಣ ಹಿಡಿತ ಸಿಕ್ಕಿ ಗಬಕ್ಕನೆ ಒಳಗೆ ತಿರುಗಿ, ಮೊದಲನೇ ಮತ್ತು ಮೂರನೇ ಪಿನ್ನಿನ ಸಂದಿಗೆ ಓರೆಯಾಗಿ ನುಗ್ಗುತ್ತೆ. ಆರು ಡಿಗ್ರಿ ಓರೆ ಇದ್ರೆ ಉತ್ತಮ ಅಂತಾರೆ. ಸರಿಯಾದ ಸ್ಟ್ರೈಕ್‌ನಲ್ಲಿ ಚೆಂಡು ತಾನೇ ಮುಟ್ಟೋದು ನಾಲ್ಕು ಪಿನ್ ಮಾತ್ರ. ಮಿಕ್ಕ ಆರನ್ನ ಪಿನ್‌ಗಳೇ ಒಂದಕ್ಕೊಂದು ಗುದ್ದಿ ಬೀಳಿಸ್ತವೆ. ಫಸ್ಟ್ ಸೆಮ್ಮಿನಲ್ಲಿ ಘರ್ಷಣೆ ಮತ್ತು ಸಂವೇಗ ಓದ್ತಾ ನಿದ್ದೆ ಮಾಡಿದ್ವಲ್ಲ, ಅದೇ ಪಾಠ. ಅಂದ್ರೆ ಅಪ್ಪನ ಪ್ರಶ್ನೆಯೂ, ಲ್ಯಾಬಿನ ಹುಡುಗನ ಪ್ರಶ್ನೆಯೂ ಪೂರ್ತಿ ತಪ್ಪಲ್ಲ. ಇಲ್ಲೂ ಸ್ಪಿನ್ ಇದೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಈ ಆಟದ ಬಗ್ಗೆ ನನಗ್ಯಾಕೆ ಇಷ್ಟು ಯೋಚನೆ?

ಸಾಯಂಕಾಲ ಆರು ಗಂಟೆ ಆದ್ಮೇಲೆ ನಮ್ಮ ಊರುಗಳಲ್ಲಿ ಹೊತ್ತು ಕಳೆಯೋಕೆ ಏನಿದೆ, ಒಂದ್ಸಲ ಯೋಚಿಸಿ ನೋಡಿ. ಹುಡುಗರಿಗೆ ಮೈದಾನ ಇದೆ, ಟೀ ಅಂಗಡಿ ಮುಂದಿನ ಬೈಕ್ ಸೀಟಿದೆ, ಕೇರಂ ಇದೆ, ಸ್ನೂಕರ್ ಪಾರ್ಲರ್ ಇದೆ. ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ವಾಕಿಂಗ್ ಮಾಡೋ ಹಿರಿಯರಿದಾರೆ. ಹುಡುಗೀರಿಗೆ? ಬೇಕರಿ, ದೇವಸ್ಥಾನ, ಬಸ್ ಸ್ಟ್ಯಾಂಡ್. ಹದಿಮೂರು ವರ್ಷದವರೆಗೂ ನಾನು ಮಳವಳ್ಳಿಯ ನಮ್ಮ ಬೀದಿಯಲ್ಲಿ ಲಗೋರಿ ಆಡಿದೀನಿ. ಏಳು ಕಲ್ಲು ಜೋಡಿಸೋದರಲ್ಲಿ ನನ್ನಷ್ಟು ಚುರುಕು ಯಾರೂ ಇರಲಿಲ್ಲ, ಇದನ್ನ ನಾನೇ ಹೇಳ್ಕೋಬೇಕು. ಅದಾದ್ಮೇಲೆ ಒಂದು ದಿನ ಯಾರೂ ಏನೂ ಹೇಳ್ದೇನೇ ಆಟ ನಿಂತೋಯ್ತು. ಬೀದಿ ಅಲ್ಲೇ ಇತ್ತು, ಕಲ್ಲೂ ಇತ್ತು, ಹುಡುಗರು ಆಡ್ತಾನೇ ಇದ್ರು. ನಾನು ಮಾತ್ರ ಬಾಗಿಲಲ್ಲಿ ನಿಂತು ನೋಡೋಳಾದೆ.

"ನಮ್ಮ ದೇಸಿ ಆಟ ಬಿಟ್ಟು ವಿದೇಶಿ ಆಟ ಯಾಕೆ?" ಅಂತ ಕನ್ನಡ ಸಂಘದ ಮೀಟಿಂಗ್‌ನಲ್ಲಿ ಈ ವಿಷಯ ಎತ್ತಿದಾಗ ಒಬ್ಬರು ಕೇಳಿದ್ರು. ಪ್ರಶ್ನೆ ಸರಿಯಾಗೇ ಇದೆ. ನನ್ನ ಉತ್ತರ ಇಷ್ಟೇ: ಕ್ರಿಕೆಟ್ಟೂ ನಮ್ಮೂರಲ್ಲಿ ಹುಟ್ಟಿದ್ದಲ್ಲ. ಲಗೋರಿ, ಬುಗುರಿ, ಚಿನ್ನಿದಾಂಡು, ಗೋಲಿ ಎಲ್ಲ ನನಗೂ ಇಷ್ಟ, ಆದ್ರೆ ಆ ಆಟಗಳಿಗೆ ಬೇಕಾದ ಬೀದಿ ನಮಗೆ ಇಲ್ಲವಾಗಿ ವರ್ಷಗಳಾದ್ವು. ಬೌಲಿಂಗ್‌ಗೆ ಸೂರಿದೆ, ಬೆಳಕಿದೆ, ಬಾಗಿಲಲ್ಲಿ ಕೌಂಟರ್ ಇದೆ. ಓಡಬೇಕಿಲ್ಲ, ಜೆರ್ಸಿ ಬೇಕಿಲ್ಲ, ಚೂಡಿದಾರ್‌ನಲ್ಲೇ ಆಡಬಹುದು. ಅಪ್ಪ ಅಮ್ಮನೂ ಬರಬಹುದು, ಅವರೂ ಆಡಬಹುದು. ಮಗಳು ಎಲ್ಲಿದಾಳೆ ಅಂದ್ರೆ ಹೇಳಕ್ಕೊಂದು ಜಾಗ ಇರುತ್ತೆ. ಇದೆಲ್ಲ ಸಣ್ಣ ವಿಷಯ ಅನ್ನಿಸಿದ್ರೆ ನೀವು ಹುಡುಗ್ರು.

ಅಪ್ಪ ಅಮ್ಮ ಆಡ್ತಾರಾ ಅಂತೀರಾ? ನಮ್ಮಜ್ಜಿಯೇ ಆಡಿದಾರೆ. ನಾನು ಚಿಕ್ಕವಳಿದ್ದಾಗ ಅಪ್ಪ ಚನ್ನಪಟ್ಟಣದಿಂದ ಒಂದು ಆಟದ ಸಾಮಾನು ತಂದಿದ್ರು. ಅರಗು ಬಣ್ಣ ಹಾಕಿದ ಆರು ಮರದ ಬೊಂಬೆ, ಎರಡು ಮರದ ಚೆಂಡು. ಅದು ಬೌಲಿಂಗ್ ಸೆಟ್ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ, ನಾವು "ಬೊಂಬೆ ಬೀಳ್ಸೋ ಆಟ" ಅಂತಿದ್ವಿ. ಮಳೆ ದಿನ ನಡುಮನೆಯ ಕೆಂಪು ಗಾರೆ ನೆಲದ ಮೇಲೆ ಅಜ್ಜಿ ಗೋಡೆಗೊರಗಿ ಕಾಲು ಚಾಚಿ ಕೂತು, ಎದ್ದೇಳದೇನೇ ಚೆಂಡು ಉರುಳಿಸೋರು. ಆ ನೆಲ ಎಷ್ಟು ನುಣುಪು ಅಂದ್ರೆ ಎಣ್ಣೆ ಹಚ್ಚೋ ಅಗತ್ಯವೇ ಇರಲಿಲ್ಲ. ನಾಲ್ಕು ಬಿದ್ರೆ, "ಎಲ್ಡು ಉಳ್ಕಂಡ್ವಲ್ಲೇ" ಅಂತ ಕೈ ಕೈ ಹಿಸುಕಿಕೊಳ್ಳೋರು. ಅಜ್ಜಿ ತಮ್ಮ ಜೀವನದಲ್ಲಿ ಆಡಿದ ಕೊನೇ ಆಟ ಅದೇ ಇರಬೇಕು.

ಆದ್ರಿಂದ ಜನಕ್ಕೆ ಇಷ್ಟ ಆಗುತ್ತಾ ಅನ್ನೋದು ನನಗೆ ಪ್ರಶ್ನೆಯೇ ಅಲ್ಲ. ಎರಡು ವರ್ಷದ ಮಗುವಿಗೂ ಚೆಂಡು ಉರುಳಿಸಿ ಏನಾದ್ರೂ ಬೀಳಿಸೋದು ಇಷ್ಟಾನೇ.

ತೊಂದರೆ ಇರೋದು ಬೇರೆ ಕಡೆ. ನನ್ನ ರೂಂಮೇಟ್ ಮದ್ದೂರಿನವಳು, ಇಂಥ ವಿಷಯದಲ್ಲಿ ನನಗಿಂತ ಬುದ್ಧಿವಂತೆ. "ಬರುತ್ತೆ ಕಣೇ. ಯಾವುದೋ ಮಾಲ್ ಮೇಲೆ ಗೇಮ್ ಝೋನ್ ಅಂತ ಮಾಡಿ ಎರಡು ಲೇನ್ ಹಾಕ್ತಾರೆ. ಮೊದಲ ಆರು ತಿಂಗಳು ಕ್ಯೂ. ಎಲ್ಲರದ್ದೂ ಒಂದೊಂದು ಬರ್ತ್‌ಡೇ, ಒಂದೊಂದು ರೀಲ್ ಆಗುತ್ತೆ. ಆಮೇಲೆ ಒಂದು ಲೇನ್ ಕೆಟ್ಟೋಗುತ್ತೆ, ಅದರ ಮೇಲೆ ಬಟ್ಟೆ ಮುಚ್ತಾರೆ. ಇನ್ನೊಂದೂ ಕೆಡುತ್ತೆ. ಅಲ್ಲಿಗೆ ಮಂಡ್ಯದಲ್ಲಿ ಬೌಲಿಂಗ್ ಮುಗೀತು." ಹೀಗೆ ಹೇಳಿ ಮಗ್ಗುಲಾಗಿ ಮಲಗಿಬಿಟ್ಟಳು. ನನಗೆ ನಿದ್ದೆ ಬರಲಿಲ್ಲ, ಯಾಕಂದ್ರೆ ಅವಳು ಹೇಳಿದ್ದು ಸರಿ ಇತ್ತು.

ಇದು ನಮ್ಮ ಕಡೆಯ ಸಮಸ್ಯೆ ಮಾತ್ರ ಅಲ್ಲ. ಈ ಆಟ ಮನೆಮಾತಾಗಿರೋ ಅಮೆರಿಕದ್ದೇ ಕಥೆ ನೋಡಿ. ಅಲ್ಲಿ ಮೊದಲು ಲೇನಿನ ತುದೀಲಿ ಹುಡುಗರು ಕೂತಿದ್ದು, ಬಿದ್ದ ಪಿನ್‌ಗಳನ್ನ ಕೈಯಲ್ಲೇ ಎತ್ತಿ ನಿಲ್ಲಿಸೋರು. 1946ರಲ್ಲಿ ಎಎಂಎಫ್ ಕಂಪನಿ ತಾನೇ ಪಿನ್ ಜೋಡಿಸೋ ಯಂತ್ರವನ್ನ ಪ್ರದರ್ಶಿಸ್ತು, 1950ರ ದಶಕದಲ್ಲಿ ಆ ಯಂತ್ರಗಳು ಊರೂರಿಗೂ ಬಂದ್ವು, ಆಟ ಹುಚ್ಚು ಹಿಡಿದ ಹಾಗೆ ಹಬ್ಬಿತು. ಕಾರ್ಖಾನೆ, ಚರ್ಚು, ಆಫೀಸು, ಎಲ್ಲ ಕಡೆ ಲೀಗ್. ಅಂದ್ರೆ ವಾರಕ್ಕೊಂದು ಸಂಜೆ ಖಾಯಂ ತಂಡಗಳು ಬಂದು ಆಡೋದು. ಆಮೇಲೆ ಏನಾಯ್ತು? ರಾಬರ್ಟ್ ಪಟ್ನಮ್ ಅನ್ನೋ ವಿದ್ವಾಂಸರು ಬರೆದ 'ಬೌಲಿಂಗ್ ಅಲೋನ್' ಅಂತ ಪ್ರಸಿದ್ಧ ಪುಸ್ತಕ ಇದೆ, 2000ದಲ್ಲಿ ಬಂದಿದ್ದು. 1980ರಿಂದ 1993ರ ನಡುವೆ ಅಲ್ಲಿ ಬೌಲಿಂಗ್ ಆಡೋರ ಸಂಖ್ಯೆ ಶೇಕಡಾ 10ರಷ್ಟು ಹೆಚ್ಚಿತು, ಅದೇ ಸಮಯದಲ್ಲಿ ಲೀಗ್ ಆಡೋರು ಶೇಕಡಾ 40ರಷ್ಟು ಕಮ್ಮಿ ಆದ್ರು ಅಂತ ಅವರು ತೋರಿಸ್ತಾರೆ. ಜನ ಬರ್ತಿದ್ರು, ಆದ್ರೆ ಒಬ್ಬೊಬ್ಬರೇ, ಮನಸ್ಸಾದಾಗ. ಲೀಗ್‌ನೋರು ಸಂಜೆಯೆಲ್ಲ ಕೂತು ತಿಂದು ಕುಡಿದು ಹೋಗೋರು, ಅಂಗಡಿಯವನ ಲಾಭ ಇದ್ದಿದ್ದು ಅದರಲ್ಲೇ, ಚೆಂಡು ಶೂ ಬಾಡಿಗೆಯಲ್ಲಲ್ಲ ಅನ್ನೋದೂ ಅದೇ ಪುಸ್ತಕದಲ್ಲಿದೆ.

ಅದನ್ನ ಓದಿದಾಗ ನನಗೆ ನೆನಪಾಗಿದ್ದು ಮದ್ದೂರು ವಡೆ. ಯಾಕೆ ಅಂತ ಹೇಳ್ತೀನಿ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ರಸ್ತೆ ಮದ್ದೂರು, ಮಂಡ್ಯದ ಪಕ್ಕದಲ್ಲೇ ಹಾದು ಹೋಗುತ್ತೆ, ಊರೊಳಗೆ ಬರಲ್ಲ. ಹಳೇ ರಸ್ತೆಯ ಹೋಟೆಲ್‌ನೋರಿಗೆ ವ್ಯಾಪಾರ ಬಿತ್ತು ಅನ್ನೋ ಮಾತು ಆವಾಗಿಂದ ಕೇಳ್ತಾನೇ ಇದೀವಿ. ನಮ್ಮ ರೂಂಮೇಟ್ ಮನೆ ಹತ್ತಿರಾನೇ ಹಳೇ ರಸ್ತೆಗೆ ಮುಖ ಮಾಡಿರೋ ಉದ್ದನೆಯ ಹಾಲ್ ಒಂದು ಬೀಗ ಹಾಕ್ಕೊಂಡು ನಿಂತಿದೆ. ಇನ್ನು ಆಲೆಮನೆಯ ಖಾಲಿ ಶೆಡ್‌ಗಳು, ಹಳೇ ರೈಸ್ ಮಿಲ್‌ಗಳು ನಮ್ಮ ಮೂರೂ ತಾಲ್ಲೂಕಿನಲ್ಲಿ ಹುಡುಕಿದ್ರೆ ಸಿಗ್ತವೆ. ಬೌಲಿಂಗ್‌ಗೆ ಎಷ್ಟು ಜಾಗ ಬೇಕು? ಓಡಿ ಬರೋಕೆ 15 ಅಡಿ, ಲೇನು, ಅದರ ಹಿಂದೆ ಯಂತ್ರ, ಅದರ ಹಿಂದೆ ಮೆಕ್ಯಾನಿಕ್ ನಿಲ್ಲೋ ಜಾಗ, ಎಲ್ಲ ಸೇರಿ 85ರಿಂದ 90 ಅಡಿ ಉದ್ದ. ಎರಡು ಲೇನಿಗೆ ಸುಮಾರು 12 ಅಡಿ ಅಗಲ. ಶಟಲ್ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ ಅಲ್ವಾ? ಉದ್ದಕ್ಕೆ ಎರಡು ಕೋರ್ಟ್ ಹಿಡಿಸೋ ಶೆಡ್ ಇದ್ರೆ ಎರಡು ಲೇನ್ ಹಾಕಿ, ಪಕ್ಕದಲ್ಲಿ ಬೆಂಚೂ ಹಾಕಬಹುದು.

ಜಾಗ ಸಿಕ್ಕಿದ್ರೂ ಯಂತ್ರದ್ದೇ ಗೋಳು. ಹಳೇ ಮಾದರಿಯ ಪಿನ್ ಜೋಡಿಸೋ ಯಂತ್ರದಲ್ಲಿ ಸಾವಿರಾರು ಬಿಡಿಭಾಗ. ಗಾಣ, ಮೋಟಾರು, ಟ್ರ್ಯಾಕ್ಟರ್ ಬಿಚ್ಚಿ ಜೋಡಿಸೋ ನಮ್ಮ ಮೆಕ್ಯಾನಿಕ್‌ಗಳಿಗೆ ಅದೇನು ಕಷ್ಟದ್ದಲ್ಲ, ಆದ್ರೆ ಒಂದು ಬೆಲ್ಟ್ ಹೋದ್ರೆ ಹೊರದೇಶದಿಂದ ಬರೋವರೆಗೂ ಕಾಯಬೇಕು. ರೂಂಮೇಟ್ ಹೇಳಿದ ಬಟ್ಟೆ ಮುಚ್ಚೋ ಸೀನ್ ಹುಟ್ಟೋದೇ ಇಲ್ಲಿ. ಈಗ ಇದಕ್ಕೊಂದು ದಾರಿ ಬಂದಿದೆ. ಪ್ರತಿ ಪಿನ್ನಿನ ತಲೆಗೂ ಒಂದೊಂದು ದಾರ ಕಟ್ಟಿ, ಸೂತ್ರದ ಬೊಂಬೆ ಥರ ಮೇಲಕ್ಕೆಳೆದು, ನೇರ ಮಾಡಿ ಮತ್ತೆ ಕೆಳಗಿಳಿಸೋ ಯಂತ್ರ. ಬಿಡಿಭಾಗ ಕಮ್ಮಿ, ರಿಪೇರಿ ಸುಲಭ, ಕರೆಂಟೂ ಕಮ್ಮಿ. ದಾರ ಇದ್ರೆ ಪಿನ್ ಬೀಳೋ ರೀತಿ ಬದಲಾಗುತ್ತೆ ಅಂತ ಹಳಬರ ತಕರಾರು ಇದೆ, ಅದು ನಿಜಾನೂ ಹೌದು. ಆದ್ರೂ ಅಮೆರಿಕದ ಬೌಲಿಂಗ್ ಸಂಸ್ಥೆಯೇ 2023ರಲ್ಲಿ ಇದನ್ನ ಪ್ರತ್ಯೇಕ ವಿಭಾಗವಾಗಿ ಒಪ್ಪಿಕೊಳ್ತು. ನನ್ನ ಪ್ರಕಾರ ಸಣ್ಣ ಊರುಗಳಿಗೆ ಬೌಲಿಂಗ್ ಬರೋದಿದ್ರೆ ಈ ದಾರ ಹಿಡ್ಕೊಂಡೇ ಬರುತ್ತೆ.

(ಕರೆಂಟ್ ಅಂದಾಗ ಒಂದು ಮಾತು. 1902ರಲ್ಲೇ ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯ್ತು. ಈಗಲೂ ನಮ್ಮನೇಲಿ ಸೀರಿಯಲ್ ಮಧ್ಯದಲ್ಲಿ ಕರೆಂಟ್ ಹೋದ್ರೆ ಅಜ್ಜಿ, "ಕೋಲಾರಕ್ಕೋಯ್ತೇನೋ" ಅಂತಾರೆ. ಲೇನ್ ಹಾಕೋರು ಜನರೇಟರ್ ಖರ್ಚನ್ನೂ ಸೇರಿಸ್ಕೊಳ್ಳಿ.)

ಈಗ ದುಡ್ಡಿನ ಲೆಕ್ಕ. ಇದರಲ್ಲಿ ದರ, ಸಾಲ ಎಲ್ಲ ನಾನೇ ಊಹಿಸಿಕೊಂಡಿದ್ದು, ತಪ್ಪಿದ್ರೆ ಎಂಬಿಎ ಬ್ಲಾಕ್‌ನೋರು ತಿದ್ದಲಿ. ಒಬ್ಬರು ಒಂದು ಗೇಮ್ ಆಡಕ್ಕೆ ಹತ್ತು ನಿಮಿಷ, ಅಂದ್ರೆ ಒಂದು ಲೇನಿನಲ್ಲಿ ಗಂಟೆಗೆ ಆರು ಗೇಮ್. ಎರಡು ಲೇನು, ಸಂಜೆ ನಾಲ್ಕರಿಂದ ಒಂಬತ್ತು, ಪೂರ್ತಿ ತುಂಬಿದ್ರೆ ದಿನಕ್ಕೆ 60 ಗೇಮ್. ನಮ್ಮೂರಲ್ಲಿ ಗೇಮ್‌ಗೆ ಮುನ್ನೂರೈವತ್ತು ಯಾರೂ ಕೊಡಲ್ಲ, ಎಂಬತ್ತು ಅಂತಿಟ್ಕೊಳ್ಳಿ. ಅರ್ಧ ತುಂಬಿದ್ರೆ ದಿನಕ್ಕೆ 2,400, ತಿಂಗಳಿಗೆ 72,000. ಮೂವತ್ತು ಲಕ್ಷ ಸಾಲ ತಂದು ಶೇಕಡಾ ಹತ್ತರಲ್ಲಿ ಬಡ್ಡಿ ಕಟ್ಟಿದ್ರೆ ಅದಕ್ಕೇ 25,000 ಹೋಯ್ತು. ಮಿಕ್ಕ 47,000ದಲ್ಲಿ ಬಾಡಿಗೆ, ಕರೆಂಟು, ಇಬ್ಬರ ಸಂಬಳ, ಎಣ್ಣೆ. ಮಾಲೀಕನ ಕೈಗೆ ಏನೂ ಉಳಿಯಲ್ಲ, ಅಸಲು ತೀರಿಸೋ ಮಾತು ದೂರಾನೇ ಇರಲಿ. ಅವನಿಗೇನಾದ್ರೂ ಉಳಿದ್ರೆ ಪಕ್ಕದಲ್ಲಿ ಮಾರೋ ವಡೆ ಕಾಫೀಲೇ. ಪಟ್ನಮ್ ಪುಸ್ತಕ ಓದಿ ವಡೆ ನೆನಪಾಗಿದ್ದು ಇದಕ್ಕೆ. ಎಕ್ಸ್‌ಪ್ರೆಸ್‌ವೇಯಲ್ಲಿ ಮೈಸೂರಿಗೆ ಹೋಗೋ ಕಾರು ಬೌಲಿಂಗ್ ಆಡಕ್ಕೆ ಅಂತ ಇಳಿದು ಬರಲ್ಲ. ಊರವರೇ ಬರಬೇಕು, ಬಂದು ಕೂರಬೇಕು, ಇನ್ನೊಂದು ವಡೆ ಹೇಳಬೇಕು.

ಶನಿವಾರ ಭಾನುವಾರ ಹೇಗೂ ಜನ ಬರ್ತಾರೆ. ಅಂಗಡಿ ಮುಚ್ಚಿಸೋದು ಸೋಮವಾರ, ಮಂಗಳವಾರ, ಬುಧವಾರ. ಆ ದಿನ ಯಾರು ಬರ್ತಾರೆ?

ಇಲ್ಲಿದೆ ನನ್ನ ಲೆಕ್ಕ. ನಾಲ್ಕು ಜನದ ಹತ್ತು ತಂಡ, ಅಂದ್ರೆ 40 ಜನ. ವಾರಕ್ಕೊಂದು ಸಂಜೆ ಒಬ್ಬೊಬ್ಬರು ಮೂರು ಗೇಮ್. ಒಟ್ಟು 120 ಗೇಮ್. ಎರಡು ಲೇನಿನ ಎರಡು ಸಂಜೆ ಭರ್ತಿ ತುಂಬಿತು, ವಾರಕ್ಕೆ 9,600 ಗ್ಯಾರಂಟಿ. ನಲವತ್ತೇ ಜನ ಸಾಕು! ನಮ್ಮ ಒಂದು ಕಾಲೇಜಿನ ಒಂದು ಬ್ರಾಂಚಲ್ಲೇ ಅದಕ್ಕಿಂತ ಹೆಚ್ಚು ಜನ ಇದೀವಿ. ತಾಲ್ಲೂಕು ಆಫೀಸಿನೋರದ್ದು ಒಂದು ತಂಡ, ಶಾಲೆ ಮೇಡಂಗಳದ್ದು ಒಂದು, ಬ್ಯಾಂಕಿನೋರದ್ದು ಒಂದು, ಸ್ತ್ರೀಶಕ್ತಿ ಸಂಘದ್ದು ಒಂದು ಇರಬಾರದಾ?

"ಚೆನ್ನಾಗಿ ಆಡೋರ ಜೊತೆ ನಾವು ಆಡಿದ್ರೆ ಸೋಲೋದೇ ಅಲ್ವಾ?" ಅನ್ನೋರಿಗೆ ಈ ಆಟದಲ್ಲೊಂದು ಒಳ್ಳೆ ಏರ್ಪಾಡಿದೆ. ಲೀಗ್‌ನಲ್ಲಿ ಹ್ಯಾಂಡಿಕ್ಯಾಪ್ ಅಂತ ಕೊಡ್ತಾರೆ. ಉದಾಹರಣೆಗೆ, 200ರಿಂದ ನಿಮ್ಮ ಸರಾಸರಿ ಕಳೆದು, ಉಳಿದಿದ್ದರಲ್ಲಿ ಶೇಕಡಾ 90 ನಿಮ್ಮ ಸ್ಕೋರಿಗೆ ಸೇರಿಸೋದು. ನನ್ನ ಸರಾಸರಿ 80 ಅಂತಿಟ್ಕೊಳ್ಳಿ, ನನಗೆ 108 ಸಿಗುತ್ತೆ. ಸೀನಿಯರ್ ಒಬ್ಬನ ಸರಾಸರಿ 150, ಅವನಿಗೆ 45. ಅವತ್ತು ನಾನು 85 ಹೊಡೆದು ಅವನು 140 ಹೊಡೆದ್ರೆ, ನನ್ನದು 193, ಅವನದು 185. ಗೆದ್ದಿದ್ದು ನಾನು! ಪ್ರತಿಯೊಬ್ಬರೂ ತಮ್ಮ ತಮ್ಮ ಹೋದ ವಾರದ ಮೇಲೆ ಆಡೋದು. ಮಗಳ ಜೊತೆ ಅಪ್ಪ, ಅತ್ತೆ ಜೊತೆ ಸೊಸೆ ಆಡಿದ್ರೂ ಪಂದ್ಯ ಪಂದ್ಯಾನೇ. ಕ್ರಿಕೆಟ್‌ನಲ್ಲಿ ಇದನ್ನ ಹೇಗೆ ಮಾಡ್ತೀರಿ?

ಸ್ನೂಕರ್ ಪಾರ್ಲರ್‌ಗಳನ್ನ ಇಲ್ಲಿ ನೆನೆಸ್ಕೋಬೇಕು. ಪಂಕಜ್ ಅಡ್ವಾಣಿಯಂಥ ವಿಶ್ವ ಚಾಂಪಿಯನ್ ಬೆಂಗಳೂರಿನೋರು, ಆದ್ರೆ ಸಣ್ಣ ಊರಲ್ಲಿ ಸ್ನೂಕರ್ ಉಳಿದಿರೋದು ಅವರಿಂದ ಅಲ್ಲ. ದಿನಾ ಬರೋ ಹತ್ತು ಹುಡುಗರಿಂದ. ಹಾಗಂತ ಆ ಪಾರ್ಲರ್‌ಗೆ ನಾನು ಹೋಗಕ್ಕಾಗುತ್ತಾ? ಮೆಟ್ಟಿಲ ಮೇಲೆ ನಿಂತ್ರೇ ಊರೆಲ್ಲ ಸುದ್ದಿ. ಯಾವ ಆಟ ಮೊದಲ ವರ್ಷ ಯಾರ ಕೈಗೆ ಸಿಗುತ್ತೋ, ಜಾಗ ಅವರದ್ದೇ ಆಗಿಬಿಡುತ್ತೆ. ಅದಕ್ಕೇ ಬೌಲಿಂಗ್ ಬಂದಾಗ ಮೊದಲ ತಿಂಗಳಲ್ಲೇ ಹೆಣ್ಣುಮಕ್ಕಳ ತಂಡಗಳ ಹೆಸರು ಬೋರ್ಡ್ ಮೇಲೆ ಇರಬೇಕು ಅನ್ನೋದು ನನ್ನ ಹಟ.

ಮೆಡಲ್ ಬಂದ್ರೆ ಆಟ ಜನಪ್ರಿಯ ಆಗುತ್ತೆ ಅಂತ ನಂಬೋರಿಗೂ ಒಂದೆರಡು ಮಾತು. 1978ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲೇ ಬೌಲಿಂಗ್ ಇತ್ತು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನಕ್ಕೆ ಆಡಿದ್ರು. 2020ರ ಟೋಕಿಯೊಗೆ ಹೊಸ ಆಟ ಸೇರಿಸುವಾಗ ಕೊನೆಯ ಎಂಟರ ಪಟ್ಟಿವರೆಗೂ ಬಂದು ಬಿಟ್ಟುಹೋಯ್ತು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇತ್ತು, ಮುಂದಿನ ಹಾಂಗ್‌ಝೌನಲ್ಲಿ ಇಲ್ಲ. ಇದರ ದಾಯಾದಿ ಲಾನ್ ಬೌಲ್ಸ್ ನೆನಪಿದೆಯಾ? 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಲವ್ಲಿ ಚೌಬೆ, ರೂಪಾ ರಾಣಿ ಟಿರ್ಕಿ, ಪಿಂಕಿ, ನಯನ್‌ಮೋನಿ ಸೈಕಿಯಾ ಚಿನ್ನ ಗೆದ್ದಾಗ ಎರಡು ದಿನ ಎಲ್ಲರ ಸ್ಟೇಟಸ್‌ನಲ್ಲೂ ಅವರೇ. ನಾನೂ ಹಾಕಿದ್ದೆ. ಆ ಆಟದ ನಿಯಮ ಇವತ್ತಿಗೂ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಆಡೋಕೆ ಜಾಗ ಇಲ್ಲದ ಆಟ ಟಿವಿಯಲ್ಲಿ ಎರಡು ದಿನ ಇರುತ್ತೆ, ಅಷ್ಟೇ.

ಹಾಗಾದ್ರೆ ನನ್ನ ಭವಿಷ್ಯವಾಣಿ? ಹತ್ತು ವರ್ಷದೊಳಗೆ ಮಂಡ್ಯದಲ್ಲಿ ಲೇನ್ ಇರುತ್ತೆ, ದಾರದ ಯಂತ್ರದ್ದು. ಮದ್ದೂರಲ್ಲಿ ಬಂದ್ರೆ ಹಳೇ ರಸ್ತೆಯಲ್ಲಿ ಬರುತ್ತೆ. ನಮ್ಮ ಮಳವಳ್ಳಿಗೆ ಟ್ರೈನೇ ಇನ್ನೂ ಬಂದಿಲ್ಲ, ಆದ್ರಿಂದ ಅದರ ಬಗ್ಗೆ ಮಾತಾಡಲ್ಲ. ಬಂದ ಲೇನು ಎರಡನೇ ವರ್ಷ ದಾಟುತ್ತಾ ಅನ್ನೋದು ಮಂಗಳವಾರ ಸಂಜೆ ಬರೋ ಆ ನಲವತ್ತು ಜನದ ಮೇಲೆ ನಿಂತಿದೆ. ಅವರು ಸಿಗ್ತಾರೆ ಅಂತ ನಾನು, ಸಿಗಲ್ಲ ಅಂತ ರೂಂಮೇಟ್. ಹತ್ತು ಪ್ಲೇಟ್ ವಡೆ ಬೆಟ್ ಕಟ್ಟಿದೀವಿ.

ಇನ್ನೊಂದು ದೊಡ್ಡ ಅಡ್ಡಿ ಇದೆ, ಅದನ್ನ ಲೆಕ್ಕದಲ್ಲಿ ಸೇರಿಸಿಲ್ಲ. ನಾನಿರೋ ಪಿ.ಜಿ.ಯ ಗೇಟು ಸಂಜೆ ಆರೂವರೆಗೆ ಮುಚ್ಚುತ್ತೆ. ಅಲ್ಲಿ ಲೇನ್ ಒಂಬತ್ತರವರೆಗೆ ಉರಿದ್ರೂ ನನಗೇನು ಬಂತು? ಹುಡುಗರ ಪಿ.ಜಿ. ಗೇಟಿಗೆ ಬೀಗ ಇದೆಯೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಗೇಟಿನ ವಿಷಯ ಮಾತಾಡಕ್ಕೆ ಹೋದಾಗ ಆಂಟಿ, "ರಾತ್ರಿ ಹೊತ್ತು ಎಲ್ಲಿಗೋಗ್ತೀರವ್ವ, ಇಲ್ಲೇನಿದೆ ನೋಡಕ್ಕೆ?" ಅಂದ್ರು. ಅವರು ಹೇಳಿದ್ದರಲ್ಲೂ ತಪ್ಪಿಲ್ಲ. ಏನೂ ಇಲ್ಲ. ಏನೂ ಇಲ್ಲ ಅಂತ ಗೇಟ್ ಮುಚ್ತಾರೆ, ಗೇಟ್ ಮುಚ್ಚಿದೆ ಅಂತ ಏನೂ ಬರಲ್ಲ. ಮೊದಲು ಯಾವುದು ಬದಲಾಗಬೇಕು ಅಂತ ನನಗೆ ಗೊತ್ತಾಗ್ತಿಲ್ಲ, ಆದ್ರಿಂದ ಎರಡನ್ನೂ ಒಟ್ಟಿಗೆ ಕೇಳ್ತಿದೀನಿ.

ಅಲ್ಲಿವರೆಗೂ ಸುಮ್ಮನಿರಬೇಕಿಲ್ಲ. ಮೆಕ್ಯಾನಿಕಲ್‌ನ ಇಬ್ಬರು, ಇಸಿಯ ಒಬ್ಬಳು ಸೇರಿ ದಾರದ ಯಂತ್ರದ ಸಣ್ಣ ಮಾದರಿಯನ್ನ ಫೈನಲ್ ಇಯರ್ ಪ್ರಾಜೆಕ್ಟ್ ಮಾಡಬಹುದಾ ಅಂತ ಗೈಡ್ ಹತ್ರ ಕೇಳಿದೀವಿ. ಯಾವ ದಾರ ಎಳೆದುಕೊಂಡಿತು ಅಂತ ನೋಡಿದ್ರೆ ಯಾವ ಪಿನ್ ಬಿತ್ತು ಅಂತ ಗೊತ್ತಾಗುತ್ತೆ, ಸ್ಕೋರು ತಾನಾಗೇ ಬರುತ್ತೆ. ಕ್ಯಾಮೆರಾ ಸಾಕು ಅಂತ ಸಿಎಸ್‌ನೋರ ವಾದ, ಜಗಳ ಇನ್ನೂ ನಡೀತಿದೆ. ಪಿನ್‌ಗಳನ್ನ ಚನ್ನಪಟ್ಟಣದಲ್ಲಿ ಲೇಥ್ ಮೇಲೆ ಮಾಡಿಸೋ ಯೋಚನೆ. ಅಲ್ಲಿನ ಆಲೆ ಮರ ಹಗುರ, ನಿಜವಾದ ಪಿನ್ ಮೇಪಲ್ ಮರದ್ದು, ಒಂದೂವರೆ ಕಿಲೋ ತೂಗುತ್ತೆ. ಆದ್ರೆ ನಮ್ಮ ಚೆಂಡೂ ಹಗುರಾನೇ ಅಲ್ವಾ, ನಡೆಯುತ್ತೆ.

ಪಿ.ಜಿ.ಯಲ್ಲಿ ಆಗಲೇ ಶುರು ಮಾಡಿದೀವಿ. ಎರಡನೇ ಮಹಡಿಯ ಕಾರಿಡಾರ್ 40 ಅಡಿ ಇದೆ, ಅಳೆದಾಯ್ತು. ಲೀಟರ್ ಬಾಟ್ಲಿಗೆ ಕಾಲು ಭಾಗ ನೀರು ತುಂಬಿದ್ರೆ ಸರಿಯಾಗಿ ಬೀಳುತ್ತೆ, ಅರ್ಧ ತುಂಬಿದ್ರೆ ಹಟ ಮಾಡುತ್ತೆ. ಚೆಂಡು ಥ್ರೋಬಾಲಿಂದು. ಹ್ಯಾಂಡಿಕ್ಯಾಪ್ ಲೆಕ್ಕ ಬಾಗಿಲ ಹಿಂದೆ ಚೀಟಿ ಅಂಟಿಸಿದೀವಿ. ಮೂರು ತಂಡ ಆಗಿದೆ, ನಾಲ್ಕನೇದಕ್ಕೆ ಅಡುಗೆ ಅಕ್ಕ ಹೆಸರು ಕೊಟ್ಟಿದಾರೆ. ಮೊದಲ ಪಂದ್ಯ ಈ ಮಂಗಳವಾರ ಏಳು ಗಂಟೆಗೆ, ಗೇಟ್ ಮುಚ್ಚಿದ ಮೇಲೆ. ಹತ್ತು ಬಾಟ್ಲಿ ಬೇಕು, ಒಂಬತ್ತು ಸಿಕ್ಕಿವೆ.